‘ಅಳೆಯೋನು ಮಾತ್ರ ಬೇರೆ!’: ಒಂದು ವಾಕ್ಯದೆದುರು ಸೋತ ಇಪ್ಪತ್ತೈದು ನಿಮಿಷದ ಭಾಷಣ

ಪ್ರಶ್ನೆ: ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ನಾನೊಬ್ಬ ನಿರ್ದೇಶಕ. ದಿನಕ್ಕೆ ಸುಮಾರು 900 ಲೀಟರ್ ಹಾಲು ಬರುತ್ತದೆ. ಹಾಲಿನ ಫ್ಯಾಟ್ (ಕೊಬ್ಬಿನಂಶ) ನೋಡಿ ರೇಟು ಕಟ್ಟುವ ಪರೀಕ್ಷೆಯ ಯಂತ್ರ ಹಳೆಯದಾಗಿ ಕೈಕೊಡುತ್ತಿದೆ. ಹೊಸ ಅನಲೈಸರ್, ತೂಕದ ಯಂತ್ರ, ಚೀಟಿ ಪ್ರಿಂಟರ್ ಎಲ್ಲ ಸೇರಿ ₹1.60 ಲಕ್ಷ. ಸದಸ್ಯರ ಹಾಲಿನ ಹಣದಲ್ಲಿ ಲೀಟರಿಗೆ 50 ಪೈಸೆಯಂತೆ ಒಂದು ವರ್ಷ ಹಿಡಿದರೆ ಸಾಕಾಗುತ್ತದೆ. ಸರ್ವಸದಸ್ಯರ ಸಭೆಯಲ್ಲಿ ಚಾರ್ಟ್ ಹಾಕಿ 25 ನಿಮಿಷ ವಿವರಿಸಿದೆ. ಒಂದಕ್ಷರ ಸುಳ್ಳಿಲ್ಲ. ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದು, ‘ನಮ್ಮ ಹಸು, ನಮ್ಮ ಹಾಲು, ಈಗ ನಮ್ಮ ದುಡ್ಡು. ಅಳೆಯೋನು ಮಾತ್ರ ಬೇರೆ!’ ಅಂದರು. ಚಪ್ಪಾಳೆ ಬಿತ್ತು, ನನ್ನ ಪ್ರಸ್ತಾಪವೂ ಬಿತ್ತು. ‘ಅದಕ್ಕೇ ರೆಟರಿಕ್ ಅನ್ನೋದಪ್ಪ, ನೀವೂ ಕಲೀರಿ’ ಎನ್ನುತ್ತಾಳೆ ಮಗಳು. ಸುಳ್ಳಿಗೆ ಬಣ್ಣ ಬಳಿಯುವ ವಿದ್ಯೆಯಲ್ಲವೇ ಅದು? ಈ ವಯಸ್ಸಿನಲ್ಲಿ ಅದನ್ನು ಕಲಿಯಬೇಕೇ? ಒಂದೂವರೆ ತಿಂಗಳಲ್ಲಿ ವಿಶೇಷ ಸಭೆ ಇದೆ. ಭಾಷಣದ ಪ್ರತಿ ಲಗತ್ತಿಸಿದ್ದೇನೆ.
— ಒಬ್ಬ ಓದುಗ, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಕೊರಗಿವೆ. ‘ನಿಜ ಹೇಳಿಯೂ ಸೋತೆ’ ಎನ್ನುವುದು ಒಂದು. ‘ಗೆಲ್ಲಬೇಕಾದರೆ ನಾನೂ ಆಟ ಕಟ್ಟಬೇಕೇನೋ’ ಎನ್ನುವುದು ಇನ್ನೊಂದು. ಎರಡನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅದು ಬಗೆಹರಿಯದೆ ಮೊದಲನೆಯದು ಬಗೆಹರಿಯುವುದಿಲ್ಲ.

ರೆಟರಿಕ್ ಎಂದರೆ ವಾಗಾಡಂಬರ ಎಂದೇ ನಮ್ಮ ಪತ್ರಿಕೆಗಳು ಬಳಸುತ್ತವೆ. ‘ಬರೀ ರೆಟರಿಕ್ ಬೇಡ, ಕೆಲಸ ತೋರಿಸಿ’ ಎನ್ನುವಾಗ ಅರ್ಥ ಅಷ್ಟೇ. ಈ ಅಪವಾದ ಹೊಸದೇನಲ್ಲ. ಅಥೆನ್ಸಿನ ಪ್ಲೇಟೊ ಇದನ್ನು ಅಡುಗೆಗೆ ಹೋಲಿಸಿ ಹಂಗಿಸಿದ್ದ: ವೈದ್ಯ ದೇಹಕ್ಕೆ ಹಿತವಾದದ್ದನ್ನು ಕೊಡುತ್ತಾನೆ, ಅಡುಗೆಯವನು ನಾಲಿಗೆಗೆ ರುಚಿಯಾದದ್ದನ್ನು; ಮಕ್ಕಳೆದುರು ಇಬ್ಬರನ್ನೂ ನಿಲ್ಲಿಸಿದರೆ ಗೆಲ್ಲುವವನು ಅಡುಗೆಯವನೇ. ಅವನ ಶಿಷ್ಯ ಅರಿಸ್ಟಾಟಲ್ ಒಪ್ಪಲಿಲ್ಲ. ದುರುಪಯೋಗ ಆಗುತ್ತದೆ ಎಂಬ ದೂರು ದೇಹಬಲಕ್ಕೂ, ಆರೋಗ್ಯಕ್ಕೂ, ಹಣಕ್ಕೂ ಅನ್ವಯಿಸುತ್ತದಲ್ಲ ಎಂದ. ಅವನ ಪ್ರಕಾರ ರೆಟರಿಕ್ ಎಂದರೆ ಯಾವುದೇ ಸಂದರ್ಭದಲ್ಲಿ ಜನರನ್ನು ಒಪ್ಪಿಸಲು ಇರುವ ದಾರಿಗಳೇನು ಎಂದು ಕಾಣಬಲ್ಲ ಶಕ್ತಿ. ‘ಕಾಣಬಲ್ಲ’ ಎಂಬ ಪದವನ್ನು ಗಮನಿಸಿ. ಅಲಂಕಾರ, ಗಂಟಲು, ಕೈಬೀಸು ಎಲ್ಲ ಆಮೇಲಿನ ಮಾತು. ಎದುರಿಗಿರುವವರು ಎಲ್ಲಿ ತಡೆದು ನಿಂತಿದ್ದಾರೆ ಎಂದು ನೋಡುವುದು ಮೊದಲ ಕೆಲಸ. ಭಾಷಣದ ಪ್ರತಿ ಓದಿದ ಮೇಲೆ ಹೇಳುತ್ತಿದ್ದೇನೆ: ನೀವು ಸೋತದ್ದು ಅಲ್ಲಿಯೇ.

ಇನ್ನೊಂದು ಮಿಥ್ಯೆಯನ್ನೂ ಇಲ್ಲೇ ಕಳಚಿಬಿಡೋಣ. ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ‘ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇ 7, ದನಿಯದು ಶೇ 38, ಮುಖಭಾವ-ಹಾವಭಾವದ್ದು ಶೇ 55’ ಎಂದು ಹೇಳಿಕೊಡುತ್ತಾರೆ. ನಿಮಗೂ ಯಾರಾದರೂ ಹೇಳಿಯಾರು. ಈ ಅಂಕಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಬಂದದ್ದು. ಒಂದೊಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಚಿತ್ರ ತೋರಿಸಿ, ಹೇಳುವವರಿಗೆ ಇಷ್ಟವಿದೆಯೋ ಇಲ್ಲವೋ ಎಂದು ಊಹಿಸಲು ಹೇಳಿದ್ದು ಅಷ್ಟೇ. ಎಲ್ಲ ಸಂವಹನಕ್ಕೂ ಇದು ಅನ್ವಯಿಸುವುದಿಲ್ಲ ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. ಪದಗಳಿಗೆ ಶೇ 7ರ ಬೆಲೆ ಎಂಬುದು ನಿಜವಾಗಿದ್ದರೆ ನಾವು ಚೀನೀ ಭಾಷಣವನ್ನೂ ಮುಕ್ಕಾಲು ಪಾಲು ಅರ್ಥ ಮಾಡಿಕೊಳ್ಳುತ್ತಿದ್ದೆವು. ಹಾಗಾಗಿ ಕನ್ನಡಿ ಎದುರು ನಿಂತು ಕೈ ಆಡಿಸುವ ಅಭ್ಯಾಸ ಬೇಡ. ನಿಮ್ಮ ಪದಗಳನ್ನೇ ನೋಡೋಣ.

ಅದಕ್ಕೂ ಮೊದಲು ನಿಮ್ಮನ್ನು ಸೋಲಿಸಿದ ವಾಕ್ಯವನ್ನು ಬಿಡಿಸಿ ನೋಡಬೇಕು. ನಿಜ ಹೇಳಬೇಕೆಂದರೆ ಆ ವಾಕ್ಯ ಸೊಗಸಾಗಿದೆ.

‘ನಮ್ಮ ಹಸು, ನಮ್ಮ ಹಾಲು, ಈಗ ನಮ್ಮ ದುಡ್ಡು.’ ಮೂರು ‘ನಮ್ಮ’. ಮೂರನೆಯದಕ್ಕೆ ಬರುವಷ್ಟರಲ್ಲಿ ಕಿವಿಗೆ ತಾಳ ಸಿಕ್ಕಿರುತ್ತದೆ. ಮೂರನೆಯದಕ್ಕೆ ಮಾತ್ರ ‘ಈಗ’ ಸೇರಿಸಿದ್ದಾರೆ. ಆ ಎರಡಕ್ಷರ ‘ಇದುವರೆಗೂ ಕೊಟ್ಟದ್ದು ಸಾಲದೆ’ ಎಂಬ ಇಡೀ ದೂರನ್ನು ಹೊತ್ತಿದೆ. ಆಮೇಲೆ ತಾಳ ಮುರಿಯುತ್ತದೆ: ‘ಅಳೆಯೋನು ಮಾತ್ರ ಬೇರೆ!’ ಮೂರು ಸಲ ನಮ್ಮದು, ನಾಲ್ಕನೆಯದು ನಮ್ಮದಲ್ಲ. ಜೊತೆಗೆ ಆ ದನಿ. ನಮ್ಮ ಕಾವ್ಯಮೀಮಾಂಸಕರು ಇದನ್ನು ‘ಕಾಕು’ ಎನ್ನುತ್ತಾರೆ: ಪದ ಅದೇ ಇದ್ದು, ದನಿಯ ಕೊಂಕಿನಿಂದ ಬೇರೆ ಅರ್ಥ ಹೊರಡಿಸುವುದು. ಊರಿನ ಜಗಳಗಳಲ್ಲಿ ಕಾಕುವಿಲ್ಲದ ಮಾತೇ ಅಪರೂಪ.

ಆದರೆ ಚಪ್ಪಾಳೆ ಬಿದ್ದದ್ದು ಪ್ರಾಸಕ್ಕಲ್ಲ. ಆ ವಾಕ್ಯದಲ್ಲಿ ಒಂದು ವಾದವಿದೆ, ಅರ್ಧ ಹೇಳಿದ ವಾದ. ನಮ್ಮ ಹಳೆಯ ತರ್ಕವಿದ್ಯೆಯಾದ ನ್ಯಾಯಶಾಸ್ತ್ರದಲ್ಲಿ ವಾದವನ್ನು ಐದು ಅಂಗಗಳಲ್ಲಿ ಪೂರ್ತಿಯಾಗಿ ಇಡುತ್ತಾರೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯ ಹಾಗೆ, ಈ ಬೆಟ್ಟದಲ್ಲೂ ಅಂಥದೇ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ. ಸಭೆಯ ಮಾತು ಹೀಗೆ ನಡೆಯುವುದಿಲ್ಲ. ಅಲ್ಲಿ ಒಂದೆರಡು ಅಂಗ ಹೇಳಿ ಉಳಿದದ್ದನ್ನು ಕೇಳುಗರ ತಲೆಗೇ ಬಿಡುತ್ತಾರೆ. ಅರಿಸ್ಟಾಟಲ್ ಇದನ್ನು ಎಂಥಿಮೀಮ್ ಎಂದು ಕರೆದು, ಒಪ್ಪಿಸುವ ಮಾತಿನ ಒಡಲೇ ಇದು ಎಂದ. ಹಿಂದಿನ ಸಾಲಿನವರು ಹೇಳದೆ ಬಿಟ್ಟ ಅಂಗ: ‘ಅಳೆಯುವವನ ಮೇಲೆ ನಮಗೆ ನಂಬಿಕೆಯಿಲ್ಲ.’ ಅದನ್ನು ಅವರು ಹೇಳಬೇಕಾಗಲಿಲ್ಲ, ಕೂತವರೇ ತುಂಬಿಕೊಂಡರು. ತಾನೇ ತುಂಬಿಕೊಂಡ ಮಾತನ್ನು ಮನುಷ್ಯ ತನ್ನದೇ ಅಭಿಪ್ರಾಯ ಎಂದುಕೊಳ್ಳುತ್ತಾನೆ, ಅದನ್ನು ಸುಲಭಕ್ಕೆ ಬಿಡುವುದಿಲ್ಲ. ಇದರಲ್ಲಿ ಸುಳ್ಳೆಲ್ಲಿದೆ? ಅವರೂ ಸುಳ್ಳು ಹೇಳಲಿಲ್ಲ, ನೀವೂ ಹೇಳಲಿಲ್ಲ.

ಹಾಗಾದರೆ ಎಲ್ಲಿ ಕೆಟ್ಟಿತು? ನೀವಿಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಿರಿ. ಕ್ರಿ.ಪೂ. 2ನೇ ಶತಮಾನದ ಹರ್ಮಗೋರಸ್ ಎಂಬ ಗ್ರೀಕ್ ಶಿಕ್ಷಕ ಜಗಳದ ಕೇಂದ್ರ ಹುಡುಕಲು ಒಂದು ಕ್ರಮ ಮಾಡಿಟ್ಟಿದ್ದಾನೆ. ನ್ಯಾಯಾಲಯಕ್ಕೆಂದು ಮಾಡಿದ್ದು, ಹಾಲಿನ ಡೇರಿಗೂ ಸರಿಹೊಂದುತ್ತದೆ. ಯಾವುದೇ ತಕರಾರು ನಾಲ್ಕರಲ್ಲಿ ಒಂದು ಕಡೆ ನಿಂತಿರುತ್ತದೆ. ಅದು ಆಗಿದೆಯೋ ಇಲ್ಲವೋ? ಅದನ್ನು ಏನೆಂದು ಕರೆಯಬೇಕು? ಅದು ಸರಿಯೋ ತಪ್ಪೋ, ನ್ಯಾಯವೋ ಅನ್ಯಾಯವೋ? ಅದನ್ನು ತೀರ್ಮಾನಿಸುವ ಅಧಿಕಾರ ಯಾರದು? ನಿಮ್ಮ 25 ನಿಮಿಷದಲ್ಲಿ 19 ನಿಮಿಷ ಮೊದಲ ಪ್ರಶ್ನೆಗೇ ಹೋಗಿದೆ (ಪ್ರತಿಯ ಪ್ಯಾರಾ ಎಣಿಸಿ ಅಂದಾಜಿಸಿದೆ): ಹಳೆಯ ಯಂತ್ರ ತಪ್ಪು ತೋರಿಸುತ್ತಿದೆ, ಹೊಸದು ಸರಿ ತೋರಿಸುತ್ತದೆ. ಅದನ್ನು ಅಲ್ಲಿ ಯಾರೂ ಅಲ್ಲಗಳೆದಿರಲಿಲ್ಲ! ತಕರಾರು ನಿಂತಿದ್ದದ್ದು ಮೂರನೆಯ ಮತ್ತು ನಾಲ್ಕನೆಯದರಲ್ಲಿ: ಖರ್ಚು ನಮ್ಮ ಮೇಲೇ ಏಕೆ, ಯಂತ್ರ ಯಾರ ಕೈಯಲ್ಲಿರುತ್ತದೆ. ಬಾಯಾರಿದವನಿಗೆ ಊಟ ಬಡಿಸಿದ ಹಾಗೆ. ಊಟ ಚೆನ್ನಾಗಿಯೇ ಇತ್ತು.

ನಿಮ್ಮ ಮೊದಲ ವಾಕ್ಯ ಇನ್ನೊಂದು ಎಡವಟ್ಟು ಮಾಡಿದೆ. ‘ಕಳೆದ ಎರಡು ವರ್ಷಗಳಿಂದ ಸಂಘದಲ್ಲಿ ಹಾಲಿನ ಪರೀಕ್ಷೆಯಲ್ಲಿ ಲೋಪಗಳು ಕಂಡುಬಂದಿರುವ ಹಿನ್ನೆಲೆಯಲ್ಲಿ ನಾವು ಪ್ರತಿ ಲೀಟರಿಗೆ 50 ಪೈಸೆ ಕಡಿತಗೊಳಿಸಲು ತೀರ್ಮಾನಿಸಲಾಗಿದ್ದು...’ ಭಾಷಣಗಳಲ್ಲಿ ಮೂರು ಬಗೆ: ಕಳೆದುಹೋದದ್ದರ ಬಗ್ಗೆ ತಪ್ಪು-ಒಪ್ಪು ಹೇಳುವ ಕೋರ್ಟಿನ ಮಾತು, ಇಂದಿನದನ್ನು ಹೊಗಳುವ ಅಥವಾ ತೆಗಳುವ ಸಮಾರಂಭದ ಮಾತು, ಮುಂದೇನು ಮಾಡೋಣ ಎಂಬ ಸಭೆಯ ಮಾತು. ನಿಮ್ಮದು ಮೂರನೆಯ ಬಗೆಯ ಸಭೆ. ನೀವು ಶುರು ಮಾಡಿದ್ದು ಮೊದಲನೆಯ ಬಗೆಯ ಮಾತಿನಿಂದ. ‘ಎರಡು ವರ್ಷದ ಲೋಪ’ ಎಂದ ಕ್ಷಣ ಅಲ್ಲೊಬ್ಬ ಆರೋಪಿ ಹುಟ್ಟಿದ: ಹಾಲು ಪರೀಕ್ಷೆ ಮಾಡುವ ಹುಡುಗ. ಅವನಿಗೆ ಊರಲ್ಲಿ ಚಿಕ್ಕಪ್ಪ-ದೊಡ್ಡಪ್ಪಂದಿರು ಇರುತ್ತಾರೆ. ಉಳಿದವರಿಗೆ ‘ಹಾಗಾದರೆ ಎರಡು ವರ್ಷ ನಮ್ಮ ದುಡ್ಡು ಹೋಯಿತಲ್ಲ’ ಎಂಬ ಲೆಕ್ಕ ಶುರುವಾಯಿತು. ನಿಮ್ಮ ಚಾರ್ಟ್ ನೋಡಲು ಯಾರ ಕಣ್ಣೂ ಉಳಿಯಲಿಲ್ಲ.

‘ನಾವು’ ಎಂಬ ಪದದ ಬಗ್ಗೆ ತುಸು ನಿಧಾನವಾಗಿ ಹೇಳಬೇಕು. ತೆಲುಗಿನಲ್ಲಿ ‘ಮನಮು’ ಎಂದರೆ ಕೇಳುವವನೂ ಸೇರಿದ ನಾವು, ‘ಮೇಮು’ ಎಂದರೆ ಅವನನ್ನು ಬಿಟ್ಟ ನಾವು. ತುಳುವಿನಲ್ಲಿ ‘ನಮ’ ಮತ್ತು ‘ಎಂಕುಲು’, ತಮಿಳಿನಲ್ಲಿ ‘ನಾಮ್’ ಮತ್ತು ‘ನಾಂಗಳ್’. ಇಂದಿನ ಕನ್ನಡಕ್ಕೆ ಈ ಭೇದವಿಲ್ಲ, ಎರಡಕ್ಕೂ ಒಂದೇ ‘ನಾವು’. ಭಾಷಣಕಾರನಿಗೆ ಇದು ವರವೂ ಹೌದು, ಹೊಂಡವೂ ಹೌದು. ‘ನಾವು ತೀರ್ಮಾನಿಸಿದ್ದೇವೆ’ ಎಂದಾಗ ನಿಮ್ಮ ಮನಸ್ಸಿನಲ್ಲಿ ಇಡೀ ಸಂಘವಿತ್ತು. ಕೂತವರ ಕಿವಿಗೆ ಬಿದ್ದದ್ದು ಆಡಳಿತ ಮಂಡಳಿ. ಆಗ ‘ಬೇರೆ’ ಎಂಬ ಪದ ಹುಟ್ಟಲು ಜಾಗ ಸಿಕ್ಕಿತು. ಕನ್ನಡದಲ್ಲಿ ಒಳಗೊಳ್ಳುವ ‘ನಾವು’ ಬೇಕಿದ್ದರೆ ಹೊಂದಿಸಿಯೇ ಹೇಳಬೇಕು: ‘ನೀವೂ ನಾನೂ’, ‘ಇಲ್ಲಿ ಕೂತಿರೋ ನಾವೆಲ್ಲ’, ಅಥವಾ ಕ್ರಿಯಾಪದಕ್ಕೆ ‘-ಓಣ’ ಹಚ್ಚಿ ‘ನೋಡೋಣ’, ‘ಹಿಡಿಯೋಣ’. ಆಡಳಿತ ಮಂಡಳಿ ಎಂದು ಅರ್ಥವಿದ್ದಲ್ಲಿ ಬಾಯಿ ಬಿಟ್ಟು ‘ಆಡಳಿತ ಮಂಡಳಿ’ ಎಂದೇ ಹೇಳಿ. ‘ಕಡಿತಗೊಳಿಸಲು ತೀರ್ಮಾನಿಸಲಾಗಿದೆ’ ಎಂಬ ಕಚೇರಿ ಕನ್ನಡದಲ್ಲಿ ಮಾಡಿದವನು ಯಾರೆಂದೇ ಗೊತ್ತಾಗುವುದಿಲ್ಲ. ಗೊತ್ತಾಗದ ಕಡೆ ಜನ ಕೆಟ್ಟವನನ್ನೇ ಊಹಿಸುತ್ತಾರೆ.

ಇನ್ನೊಂದು ಸೂಕ್ಷ್ಮ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಲ್ಲ-ಅಲ್ಲ-ಬೇಡಗಳೂ ಕೊನೆಗೇ. ಇಪ್ಪತ್ತೆಂಟು ಪದಗಳ ವಾಕ್ಯ ಹೇಳಿದರೆ ನೀವು ಹೌದೆನ್ನುತ್ತೀರೋ ಅಲ್ಲವೆನ್ನುತ್ತೀರೋ ಎಂದು ತಿಳಿಯಲು ಕೇಳುಗ ಇಪ್ಪತ್ತೇಳು ಪದ ಕಾಯಬೇಕು. ಕಾಯುವುದಿಲ್ಲ, ಎಲೆ ಅಡಿಕೆ ತೆಗೆಯುತ್ತಾನೆ. ಸಭೆಯಲ್ಲಿ ಹತ್ತು-ಹನ್ನೆರಡು ಪದ ದಾಟಿದ ವಾಕ್ಯ ಬೇಡ. ಭಾರದ ಪದವನ್ನು ವಾಕ್ಯದ ಕೊನೆಗೆ ತನ್ನಿ: ಹಿಂದಿನ ಸಾಲಿನವರು ‘ಬೇರೆ’ ಎಂಬ ಪದವನ್ನು ತಂದ ಹಾಗೆ.

ಈಗ ಮುಂದಿನ ಸಭೆ. ನಾನಾದರೆ ಭಾಷಣಕ್ಕಿಂತ ಮೊದಲು ಪ್ರಸ್ತಾಪವನ್ನೇ ತಿದ್ದುತ್ತೇನೆ. ಆ ಚಪ್ಪಾಳೆಯ ಹಿಂದೆ ಬಾಯಿಗೆ ಬರದ ಇನ್ನೊಂದು ಭಯವೂ ಇದ್ದಿರಬೇಕು. ಹೊಸ ಯಂತ್ರ ಸರಿಯಾಗಿ ಅಳೆದರೆ ಎಲ್ಲರ ರೇಟೂ ಏರುವುದಿಲ್ಲ, ಕೆಲವರದು ಇಳಿಯುತ್ತದೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ತಳಿಯ ಹಸು ಕಟ್ಟಿದವರಿಗೆ ಜೆರ್ಸಿಯಷ್ಟು ಫ್ಯಾಟ್ ಬರುವುದಿಲ್ಲ. ಚೊಂಬು ನೀರು ಬೆರೆಸುವವರ ಮಾತಂತೂ ಬೇರೆಯೇ. ‘ನನ್ನ ಫ್ಯಾಟ್ ಕಡಿಮೆ ಬಂದರೆ?’ ಎಂದು ಸಭೆಯಲ್ಲಿ ಎದ್ದು ಕೇಳುವವರು ಯಾರೂ ಇಲ್ಲ. ಅವರು ಬೇರೆ ಮಾತಿಗೆ ಚಪ್ಪಾಳೆ ತಟ್ಟುತ್ತಾರೆ. ಆಡಿದ ಆಕ್ಷೇಪಕ್ಕೆ ಎಷ್ಟೇ ಚೆನ್ನಾಗಿ ಉತ್ತರಿಸಿ, ಆಡದ ಆಕ್ಷೇಪ ಹಾಗೇ ಉಳಿದರೆ ಮತ ಬೀಳುವುದಿಲ್ಲ.

ಅದಕ್ಕೆ ಪರಿಹಾರ ಪ್ರಸ್ತಾಪದಲ್ಲೇ ಇರಲಿ. ಮೊದಲ ಮೂರು ತಿಂಗಳು ಚೀಟಿಯಲ್ಲಿ ಹಳೆಯ ಮತ್ತು ಹೊಸ ರೀಡಿಂಗ್ ಎರಡೂ ಬರಲಿ, ಹಣ ಹಳೆಯ ಲೆಕ್ಕದಂತೆ ಸಲ್ಲಲಿ. ಅಷ್ಟರಲ್ಲಿ ಮೇವು-ಹಿಂಡಿ ಸರಿಮಾಡಿಕೊಳ್ಳುವವರು ಮಾಡಿಕೊಳ್ಳುತ್ತಾರೆ, ಚೊಂಬು ಕೆಳಗಿಡುವವರು ಮರ್ಯಾದೆ ಉಳಿಸಿಕೊಂಡು ಇಡುತ್ತಾರೆ. ಇದರಲ್ಲೂ ಅಪಾಯವಿದೆ: ಹಳೆಯ ಯಂತ್ರ ನಡುವೆ ಪೂರ್ತಿ ಕೆಟ್ಟರೆ ಹೋಲಿಕೆ ನಿಂತುಹೋಗುತ್ತದೆ, ಮೂರು ತಿಂಗಳು ಆರಾಗುತ್ತದೆ. ಹೊಸ ಲೆಕ್ಕ ಶುರುವಾಗುವ ತಾರೀಖನ್ನು ನಿರ್ಣಯದಲ್ಲೇ ಬರೆಸಿ.

ಮಾತಿನ ಶುರುವನ್ನು ಎದುರಾಳಿಯ ವಾಕ್ಯದಿಂದಲೇ ಮಾಡಿ. ‘ಹೋದ ಸಭೆಯಲ್ಲಿ ಒಂದು ಮಾತು ಬಂತು. ಅಳೆಯೋನು ಮಾತ್ರ ಬೇರೆ. ಆ ಮಾತು ಸರಿಯಾಗೇ ಇತ್ತು. ಅಳೆಯೋನು ಬೇರೆ ಆಗಬಾರದು. ಯಂತ್ರದ ಪರದೆ ಹಾಲು ಹಾಕೋರ ಕಡೆ ತಿರುಗಿರುತ್ತೆ. ಚೀಟಿ ಆ ಕ್ಷಣವೇ ನಿಮ್ಮ ಕೈಗೆ. ತಿಂಗಳಿಗೊಮ್ಮೆ ಯಂತ್ರ ಸರಿಯಿದೆಯಾ ಅಂತ ನೋಡೋಕೆ ಇಬ್ಬರು ಸದಸ್ಯರು ಇರಲಿ, ನಿರ್ದೇಶಕರು ಬೇಡ.’ ನಮ್ಮ ಶಾಸ್ತ್ರಗ್ರಂಥಗಳು ಪೂರ್ವಪಕ್ಷವನ್ನು ಮೊದಲು ಇಡುವುದು ಇದಕ್ಕೇ. ಎದುರಿನವನ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಸಿದ್ಧಾಂತಕ್ಕೆ ಬರುವುದು. ಕರಾವಳಿಯ ತಾಳಮದ್ದಲೆ ಕೇಳಿದ್ದರೆ ಇದರ ರುಚಿ ನಿಮಗೆ ಗೊತ್ತಿರುತ್ತದೆ: ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. ವಾಲಿಯ ಆಕ್ಷೇಪಕ್ಕೆ ಪೂರ್ತಿ ಬಲ ಬಾರದೆ ರಾಮನ ಸಮರ್ಥನೆಗೂ ಬಲ ಬರುವುದಿಲ್ಲ. ಪೂರ್ವಪಕ್ಷದಲ್ಲಿ ಎರಡು ತಪ್ಪು ಸಾಮಾನ್ಯ. ಎದುರಿನವರ ಮಾತನ್ನು ಬೆದರುಬೊಂಬೆ ಮಾಡಿ ಹೊಡೆಯುವುದು. ಆಡಿದವರು ಅಲ್ಲೇ ಕೂತಿರುತ್ತಾರೆ, ಬಿಡುವುದಿಲ್ಲ. ಎರಡನೆಯದು, ಯಾರಿಗೂ ಹೊಳೆಯದ ಆಕ್ಷೇಪವನ್ನು ನೀವೇ ಎತ್ತಿಕೊಡುವುದು. ನೀರು ಬೆರೆಸುವವರ ಸುದ್ದಿ ವೇದಿಕೆಯಲ್ಲಿ ಎತ್ತಲೇಬೇಡಿ.

ಲೆಕ್ಕ ಹೇಳುವ ರೀತಿ. ದಿನಕ್ಕೆ 900 ಲೀಟರ್, 50 ಪೈಸೆಯಂತೆ ₹450. ತಿಂಗಳಿಗೆ ₹13,500, ಹನ್ನೆರಡು ತಿಂಗಳಿಗೆ ₹1,62,000. ನೀವು ಇದನ್ನಷ್ಟೇ ಹೇಳಿದಿರಿ. ಲಕ್ಷ ಕೇಳಿದ ಕಿವಿಗೆ ಬೇರೇನೂ ಕೇಳಲಿಲ್ಲ. ದಿನಕ್ಕೆ 8 ಲೀಟರ್ ಹಾಕುವ ಮನೆಗೆ ಇದು ₹4. ಹಾಗಂತ ‘ದಿನಕ್ಕೆ ಬರೀ ನಾಲ್ಕು ರೂಪಾಯಿ, ಒಂದು ಟೀ ದುಡ್ಡೂ ಅಲ್ಲ’ ಎಂದು ನಿಲ್ಲಿಸಿದರೆ ಅದು ಕಂತಿನ ಅಂಗಡಿಯವರ ಮಾತಾಗುತ್ತದೆ. ಒಂದೇ ಸತ್ಯವನ್ನು ಇಡುವ ಕೋನ ಬದಲಾದರೆ ತೀರ್ಮಾನವೇ ತಿರುಗಿಬಿಡುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾನಮನ್ 1981ರಲ್ಲಿ ತೋರಿಸಿದ್ದಾರೆ. 600 ಜನರನ್ನು ಕೊಲ್ಲಬಹುದಾದ ರೋಗ ಬಂದಿದೆ, ಎರಡು ಕ್ರಮಗಳಲ್ಲಿ ಒಂದನ್ನು ಆರಿಸಬೇಕು ಎಂದುಕೊಳ್ಳಿ. ‘ಈ ಕ್ರಮದಿಂದ 200 ಜನ ಉಳಿಯುತ್ತಾರೆ’ ಎಂದಾಗ ಶೇ 72 ಮಂದಿ ಅದನ್ನು ಆರಿಸಿದರು. ಅದನ್ನೇ ‘400 ಜನ ಸಾಯುತ್ತಾರೆ’ ಎಂದಾಗ ಆರಿಸಿದವರು ಶೇ 22. ಲೆಕ್ಕ ಎರಡರಲ್ಲೂ ಒಂದೇ. ಆದ್ದರಿಂದ ಎರಡೂ ಕೋನ ತೋರಿಸಿ: ‘8 ಲೀಟರ್ ಮನೆಗೆ ದಿನಕ್ಕೆ 4, ತಿಂಗಳಿಗೆ 120, ವರ್ಷಕ್ಕೆ 1,440. ₹1.60 ಲಕ್ಷ ಕೂಡಿದ ತಿಂಗಳೇ ನಿಲ್ಲಿಸೋಣ.’ ವರ್ಷದ ಲೆಕ್ಕವನ್ನು ನೀವೇ ಹೇಳಿದರೆ ಹಿಂದಿನ ಸಾಲಿನಿಂದ ಅದನ್ನು ಗುಂಡಿನ ಹಾಗೆ ಹಾರಿಸಲು ಯಾರಿಗೂ ಆಗುವುದಿಲ್ಲ.

ಇಲ್ಲಿಗೆ ನಿಮ್ಮ ನೈತಿಕ ಪ್ರಶ್ನೆಗೂ ಉತ್ತರ ಬಂತು ಎನಿಸುತ್ತದೆ. ನಾನು ಬಳಸುವ ಅಳತೆ ಒರಟು, ಆದರೆ ಕೆಲಸ ಮಾಡುತ್ತದೆ: ನೀವು ಮಾಡಿದ ತಂತ್ರವನ್ನು ಕೇಳುಗರಿಗೆ ಬಿಡಿಸಿ ಹೇಳಿದ ಮೇಲೂ ಅದು ನಡೆಯುತ್ತದೆಯೇ? ‘ನಿಮ್ಮ ಆಕ್ಷೇಪದಿಂದಲೇ ಶುರು ಮಾಡಿದೆ’ ಎಂದು ಹೇಳಿಬಿಟ್ಟರೂ ಯಾರೂ ಸಿಟ್ಟಾಗುವುದಿಲ್ಲ. ‘ಕಡಿತ ಎಂದರೆ ನೀವು ಒಪ್ಪುವುದಿಲ್ಲ ಅಂತ ವಂತಿಗೆ ಎಂದೆ’ ಎಂದು ಹೇಳಿ ನೋಡಿ! ಕೊಡಲೇಬೇಕಾದದ್ದನ್ನು ವಂತಿಗೆ ಎನ್ನುವುದು ಮೋಸ. ‘ಈ ಯಂತ್ರ ಬಾರದಿದ್ದರೆ ಸಂಘವೇ ಮುಚ್ಚುತ್ತೆ’ ಎಂಬ ಹೆದರಿಕೆಯೂ ಅದೇ ಸಾಲಿನದು. ಹಾಗೆಯೇ ಬರೀ ಪುನರುಕ್ತಿ. ಪದೇ ಪದೇ ಕೇಳಿದ ಹೇಳಿಕೆ ನಿಜವೆನಿಸತೊಡಗುತ್ತದೆ ಎಂಬುದು 1977ರ ಒಂದು ಅಮೆರಿಕನ್ ಪ್ರಯೋಗದಿಂದಲೇ ಗೊತ್ತಾಗಿದೆ; ಚುನಾವಣೆಯಲ್ಲಿ ನಡೆದೀತು, ದಿನಾ ಬೆಳಿಗ್ಗೆ ಮುಖ ನೋಡುವವರ ನಡುವೆ ನಡೆಯದು. ನ್ಯಾಯಶಾಸ್ತ್ರದವರು ಚರ್ಚೆಯನ್ನು ಮೂರು ಮಾಡಿದ್ದಾರೆ: ನಿಜ ತಿಳಿಯಲು ವಾದ, ಗೆಲ್ಲಲು ಜಲ್ಪ, ತನ್ನದೇನೂ ಸ್ಥಾಪಿಸದೆ ಎದುರಿನದನ್ನು ಕೆಡವಲು ವಿತಂಡ. ಮೂರನೆಯದನ್ನು ನಾವು ದಿನವೂ ‘ವಿತಂಡವಾದ’ ಎಂದು ಬೈಯುತ್ತೇವೆ. ಎರಡನೆಯದು ಮೊದಲನೆಯದರ ವೇಷ ಹಾಕಿಕೊಂಡು ಬರುವುದನ್ನು ಮಾತ್ರ ಅಷ್ಟು ಬೇಗ ಗುರುತಿಸುವುದಿಲ್ಲ.

ಮಾತಾಡುವವರು ನೀವೇ ಆಗಬೇಕೇ ಎಂಬುದನ್ನೂ ಯೋಚಿಸಿ. ಅರಿಸ್ಟಾಟಲ್ ಪ್ರಕಾರ ಕೇಳುಗ ಭಾಷಣಕಾರನಲ್ಲಿ ಮೂರನ್ನು ಹುಡುಕುತ್ತಾನೆ: ತಿಳಿವಳಿಕೆ, ಸನ್ನಡತೆ, ನಮ್ಮ ಮೇಲಿನ ಹಿತಬುದ್ಧಿ. ಮೊದಲೆರಡನ್ನು ನಿಮ್ಮಲ್ಲಿ ಯಾರೂ ಅನುಮಾನಿಸಿಲ್ಲ. ಚಾರ್ಟ್ ಹಿಡಿದು ನಿಂತಾಗ ಮೂರನೆಯದು ಕಾಣಲಿಲ್ಲ. 11ನೇ ಶತಮಾನದ ಕಾವ್ಯಮೀಮಾಂಸಕ ಮಮ್ಮಟ ಮಾತನ್ನು ಪ್ರಭುವಿನ ಮಾತು, ಗೆಳೆಯನ ಮಾತು, ಕಾಂತೆಯ ಮಾತು ಎಂದು ವಿಂಗಡಿಸಿದ. ನಿಮ್ಮದು ಪ್ರಭುಸಮ್ಮಿತವಾಗಿತ್ತು, ಅಂದರೆ ಆಜ್ಞೆಯ ಧಾಟಿಯದು. ದಿನಕ್ಕೆ ಮೂರು-ನಾಲ್ಕು ಲೀಟರ್ ಹಾಕುವ ಒಬ್ಬ ಹೆಣ್ಣುಮಗಳು ಎದ್ದು ‘ಚೀಟಿ ನನ್ನ ಕೈಗೆ ಬರೋದಾದರೆ ನಾನು ಕೊಡ್ತೀನಿ’ ಎಂದರೆ ನಿಮ್ಮ ಹತ್ತು ನಿಮಿಷಕ್ಕಿಂತ ಹೆಚ್ಚು. ಆದರೆ ಹೇಳಿಕೊಟ್ಟು ನಿಲ್ಲಿಸಬೇಡಿ. ಚಿಕ್ಕ ಊರಿನಲ್ಲಿ ಅದು ಸಂಜೆಯೊಳಗೆ ಬಯಲಾಗುತ್ತದೆ, ಆಮೇಲೆ ನಿಮ್ಮ ನಿಜಕ್ಕೂ ಬೆಲೆಯಿಲ್ಲ. ಅದಕ್ಕೆ ಬದಲು ಈ ಒಂದೂವರೆ ತಿಂಗಳು ಬೆಳಿಗ್ಗೆ ಹಾಲಿನ ಸಾಲಿನಲ್ಲಿ ನಿಂತು ಕೇಳಿ: ‘ಯಂತ್ರ ಬಂದರೆ ಏನು ತೊಂದರೆ?’ ಉತ್ತರ ಕೊಡಬೇಡಿ, ಕೇಳಿ ಬರೆದುಕೊಳ್ಳಿ. ಸಭೆಗೆ ಬೇಕಾದ ಮಾತೆಲ್ಲ ಅವರ ಬಾಯಲ್ಲೇ ಇದೆ.

ಸಭೆಯ ದಿನ ಏಳು ನಿಮಿಷ ಸಾಕು. ಬರೆದುಕೊಂಡರೆ ಆರುನೂರು ಪದ. ಅವರ ಆಕ್ಷೇಪಕ್ಕೆ ಎರಡು ನಿಮಿಷ, ಪರದೆ-ಚೀಟಿ-ಮೂರು ತಿಂಗಳ ಷರತ್ತಿಗೆ ಎರಡು, ಲೆಕ್ಕಕ್ಕೆ ಒಂದು, ಉಳಿದದ್ದು ಪ್ರಾತ್ಯಕ್ಷಿಕೆಗೆ. ಚಾರ್ಟ್ ಮನೆಯಲ್ಲಿರಲಿ. ಮಾರುವವರಿಂದ ಡೆಮೊ ಯಂತ್ರ ತರಿಸಿ, ಒಂದೇ ಕ್ಯಾನಿನ ಹಾಲನ್ನು ಎರಡು ಬಾಟಲಿಗೆ ಹಾಕಿ, ಒಂದನ್ನು ಹಳೆಯದರಲ್ಲಿ, ಒಂದನ್ನು ಹೊಸದರಲ್ಲಿ ಸದಸ್ಯರೊಬ್ಬರ ಕೈಯಿಂದಲೇ ಪರೀಕ್ಷೆ ಮಾಡಿಸಿ. ಅಂಕಿ ಅವರೇ ಓದಲಿ. ನೀವು ಓದಿದರೆ ಮತ್ತೆ ‘ಅಳೆಯೋನು ಬೇರೆ’.

ಪ್ರಾತ್ಯಕ್ಷಿಕೆ ಕೈಕೊಟ್ಟರೆ ಭಾಷಣ ಎಷ್ಟೇ ಚೆನ್ನಾಗಿದ್ದರೂ ಮುಗಿಯಿತು, ಹಾಗಾಗಿ ಹಿಂದಿನ ಸಂಜೆ ಎರಡು-ಮೂರು ಸಲ ಮಾಡಿ ನೋಡಿ. ಅಲ್ಟ್ರಾಸಾನಿಕ್ ಅನಲೈಸರ್ ಆದರೆ ನೊರೆಯಿರುವ ಹಾಲು ಹಾಕಬಾರದು, ಗಾಳಿಗುಳ್ಳೆಯಿದ್ದರೆ ರೀಡಿಂಗ್ ತಪ್ಪುತ್ತದೆ. ಕರೆದ ಹಾಲನ್ನು ಸ್ವಲ್ಪ ಹೊತ್ತು ತಣಿಯಲು ಬಿಡಿ. ಆಮೇಲೆ ಮೇಲೆ ಕಟ್ಟಿದ ಕೆನೆ ಬೆರೆಯುವಂತೆ ಬಾಟಲಿಯನ್ನು ಮೆಲ್ಲಗೆ ಬುಡಮೇಲು ಮಾಡಿ, ಕುಲುಕಬೇಡಿ. ಮುದ್ರಿಸಿದ ಹಾಳೆ ಇದ್ದರೆ ಅದನ್ನು ಮಾತು ಮುಗಿದ ಮೇಲೆ ಹಂಚಿ. ಮೊದಲೇ ಕೊಟ್ಟರೆ ಎಲ್ಲರ ತಲೆ ಕೆಳಗಿರುತ್ತದೆ, ಯಂತ್ರದ ಪರದೆಯನ್ನು ಯಾರೂ ನೋಡುವುದಿಲ್ಲ.